ಬಾಯಿ ನೋಡಿ ಏರಿಸುವ ಬಳೆ

ಹೆಬ್ಬೆರಳಿನ ಬುಡದ ಎಲುಬು, ಇದೊಂದು ಮಣಿದರೆ ಆಯಿತು, ಉಳಿದ ಬೆರಳುಗಳು ತಾವಾಗಿ ಹಿಂದೆ ಬರುತ್ತವೆ, ಸಬಕಾರದ ನೀರಿನಲ್ಲಿ ನೆನೆದ ಹುಡುಗಿಯ ಕೈ ಜಾರುತ್ತಿದೆ, ಬೆಚ್ಚಗಿದೆ, ಇನ್ನು ಎಂಟು ದಿನಕ್ಕೆ ಮದುವೆಯಾಗುವ ಕೈ, ಮಮತಾಳ ಕೈ, ಹಸಿರು ಗಾಜು ಗಿಣ್ಣಿನ ಮೇಲೆ ಬಂದು ನಿಂತಿದೆ — ಕೈ ನೋಡಬ್ಯಾಡ ಬೇಟಿ, ಬಾಯಿ ನೋಡು, ಎಂದಿದ್ದಳು ತಾಯಿ, ಬೆಟಗೇರಿಯ ಮನೆಯ ಕಟ್ಟೆಯ ಮೇಲೆ ಕೂತು, ಆಗ ರಹಿಮತಬಿಗೆ ಹನ್ನೊಂದು ವರ್ಷ, ಬಳೆಗಾರ್ತಿ ಕೈಯನ್ನು ಬೆರಳಿನಿಂದ ನೋಡಬೇಕು, ಕಣ್ಣಿನಿಂದ ನೋಡಬೇಕಾದದ್ದು ಬಾಯಿಯನ್ನು, ತುಟಿ ಬಿಗಿದುಕೊಂಡಿದ್ದರೆ ಇನ್ನೂ ಒತ್ತಬಹುದು, ತುಟಿ ಬಿಚ್ಚಿ ಹಲ್ಲು ಕಂಡರೆ ತಡೆ, ಬಾಯಿ ಅಗಲವಾಗಿ ತೆರೆದು ಗಲ್ಲದ ಒಳಗು ಕಂಡಿತೋ ಕೈ ಬಿಡು, ಅದರ ಮೇಲೆ ಒಂದು ಎಳೆ ಒತ್ತಿದರೂ ಗಾಜು ಒಡೆಯುತ್ತದೆ. ಮದುಮಗಳ ಕೈಯಲ್ಲಿ ಬಳೆ ಒಡೆದರೆ ಕೇಳುವುದೇ ಬೇಡ, ಪಡಸಾಲೆ ತುಂಬ ಕೂತ ಹೆಂಗಸರು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಸುದ್ದಿ ಸಂಜೆಯೊಳಗೆ ಮುಂಡರಗಿಯ ಬೀಗರ ಮನೆ ಮುಟ್ಟುತ್ತದೆ — ಅದಕ್ಕೇ ಬಂದಿದ್ದಾಳೆ ರಹಿಮತಬಿ. ಬೆಟಗೇರಿಯಿಂದ ಗದಗಿಗೆ, ಗದಗಿನಿಂದ ಶಿರಹಟ್ಟಿಗೆ, ಬಸ್ಸಿನಲ್ಲಿ ಬಳೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಇದೊಂದನ್ನೇ ನೆನೆಯುತ್ತ ಬಂದಿದ್ದಾಳೆ, ಒಂದು, ಒಂದೇ ಒಂದು ಬಳೆ ಎಲ್ಲರ ಎದುರು ಚಟ್ ಎನ್ನಬೇಕು, ಆ ಸದ್ದು ಅಕೋ ಆ ಮೂಲೆಯ ಕುರ್ಚಿಯಲ್ಲಿ ಎಲೆಚೀಲ ಬಿಚ್ಚಿಕೊಂಡು ಕೂತಿದ್ದಾಳಲ್ಲ, ಹುಡುಗಿಯ ತಾಯಿ ನಾಗರತ್ನಾ, ಅವಳ ಹೊಟ್ಟೆಯೊಳಗೆ ಹೋಗಿ ಕೂಡಬೇಕು, ಮಗಳ ಸಂಸಾರದಲ್ಲಿ ಒಂದು ಸಣ್ಣ ಜಗಳವಾದರೂ ಆ ಸದ್ದು ಅವಳಿಗೆ ಮತ್ತೆ ಕೇಳಬೇಕು, ಸಾಯುವ ತನಕ ಕೇಳುತ್ತಿರಬೇಕು.

ಈಗ ಒಡೆಯಲೇ, ಐದನೆಯದೋ ಆರನೆಯದೋ, ಯಾವುದಾದರೇನು, ಹುಡುಗಿಯ ತುಟಿ ಬಿಗಿದಿದೆ, ಕಣ್ಣು ಮುಚ್ಚಿಕೊಂಡಿದ್ದಾಳೆ, ಮೊದಲಾಗಿದ್ದರೆ ಈ ಹೊತ್ತಿಗೆ ಒಂದು ಮಾತು ಹೇಳುತ್ತಿದ್ದಳು ರಹಿಮತಬಿ, ಲಕ್ಷ್ಮೇಶ್ವರದ ಒಬ್ಬಳು ಗಂಡನ ಹೆಸರು ಹೇಳಲು ನಾಚಿ ಮಾವನ ಹೆಸರು ಹೇಳಿಬಿಟ್ಟ ಕತೆ, ಹುಡುಗಿ ಕಿಸಕ್ಕನೆ ನಗುತ್ತಿದ್ದಳು, ನಗುವಾಗ ಕೈ ಸಡಿಲಾಗುತ್ತದೆ, ಆ ಕ್ಷಣಕ್ಕೆ ಬಳೆ ಸರ್ರನೆ ಮಣಿಕಟ್ಟಿಗೆ, ಅಯ್ಯ ಹಾಕಿದ್ದಽ ತಿಳೀಲಿಲ್ಲವಾ ಚಾಚಿ ಎನ್ನುತ್ತಿದ್ದರು ಎಲ್ಲರೂ. ಮಾತೇ ಅವಳ ಎಣ್ಣೆ. ಈಗಿನವರು ಕೈಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಬಳೆ ಜಾರಿಸುತ್ತಾರೆ, ಥೂ, ಅದೂ ಒಂದು ಕಸಬೇ, ಆ ಥರದವಳೊಬ್ಬಳನ್ನು ನಿನ್ನೆ ಲಕ್ಷ್ಮೇಶ್ವರದಿಂದ ಕರೆಸಿದ್ದರಂತೆ, ಅವಳು ತಂದ ಬಳೆ ಅಳತೆ ತಪ್ಪಿ ಹುಡುಗಿಯ ಕೈಗೆ ಒಗ್ಗದೆ ಎದ್ದು ಹೋದಳಂತೆ, ಆಮೇಲೆ ನೆನಪಾಗಿದ್ದಾಳೆ ರಹಿಮತಬಿ, ಎರಡು ವರ್ಷದ ಮೇಲೆ. ಬಾರವಾ ರಹಿಮತಬಿ, ನಮ್ಮ ಮನಿ ಹಾದೀನ ಮರತಿಯಲ್ಲ, ಎಂದಳು ನಾಗರತ್ನಾ ಬಾಗಿಲಲ್ಲಿ, ಮರೆತದ್ದು ಯಾರೋ, ಮುಖ ನೋಡಿ ಹೇಳಲಿಲ್ಲ, ರಹಿಮತಬಿ ಮುಖದ ಎಡಕ್ಕೆ ಸೆರಗು ಎಳೆದುಕೊಂಡಿದ್ದಾಳಲ್ಲ, ಆ ಸೆರಗಿಗೆ ಹೇಳಿದಳು. ಚಾಚಿ, ನನಗ ಏನೂ ನೋಯವಲ್ದ್ರಿ, ನೀವು ಹಾಕ್ರಿ, ಎನ್ನುತ್ತಿದ್ದಾಳೆ ಮಮತಾ ಕಣ್ಣು ತೆರೆದು, ಸುಳ್ಳು, ನೋಯುತ್ತಿದೆ, ಬಾಯಿ ಹೇಳುತ್ತಿದೆ, ಈ ಹುಡುಗಿಗೆ ಮೊದಲ ಬಳೆ ಇಟ್ಟದ್ದೂ ಇದೇ ಕೈ, ತೊಟ್ಟಿಲಲ್ಲಿ ಹಾಕಿದ್ದ ಹೆಸರು ಕೂಸಿಗೆ ಒಗ್ಗುವ ಮೊದಲೇ ಕರಿ ಬಳೆ ಇಟ್ಟಿದ್ದಳು, ಇದರ ಮೇಲೆ ಏನು ಸಿಟ್ಟು, ಇಲ್ಲ, ಆಗುವುದಿಲ್ಲ. ಬಳೆ ಮಣಿಕಟ್ಟಿಗೆ ಇಳಿದಿದೆ, ಇನ್ನೊಂದು, ಅದೂ ಇಳಿದಿದೆ.

ತುಪ್ಪ ಹಚ್ಚು. ಎರಡೇ ಮಾತು. ಮೂರು ವರ್ಷದ ಹಿಂದೆ, ಇದೇ ಪಡಸಾಲೆ, ಇದೇ ಎಲೆಚೀಲ, ಇಪ್ಪತ್ತು ವರ್ಷ ಅದೇ ಚೀಲದಿಂದ ಇಬ್ಬರೂ ಎಲೆ ಹಾಕಿದ್ದಾರೆ, ಎಲೆ, ಅಡಿಕೆ, ಸುಣ್ಣ, ಮೇಲೊಂದು ಚಿಟಿಕೆ ತಂಬಾಕು, ನಾಗರತ್ನಾ ಕುರ್ಚಿಯಲ್ಲಿ, ರಹಿಮತಬಿ ನೆಲದಲ್ಲಿ, ಆದರೂ ಎಲೆ ಒಂದೇ, ಅವತ್ತು ರಹಿಮತಬಿ, ಗಲ್ಲದ ಒಳಗ ಉರಿಯಾಕತ್ತೈತ್ರಿ ಅಕ್ಕಾರ, ಬಿಳಿ ಆಗೇತಿ ನೋಡ್ರಿ, ಎಂದು ಬಾಯಿ ತೆರೆದು ತೋರಿಸಿದಳು, ನಾಗರತ್ನಾ ಬಗ್ಗಿ ನೋಡಿದಳು, ಸುಣ್ಣ ಹೆಚ್ಚಾಗಿ ಸುಟ್ಟೈತಿ ಬಿಡು, ಇಷ್ಟಕ್ಕ ದವಾಖಾನಿ ಅಂತ ಯಾರರ ಓಡ್ಯಾಡ್ತಾರೇನ, ತುಪ್ಪ ಹಚ್ಚು, ಎಂಟ ದಿನದಾಗ ಮಾಯತೈತಿ. ತನ್ನ ಮನೆಯ ಎಮ್ಮೆಯ ತುಪ್ಪವನ್ನೇ ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟಳು, ಪ್ರೀತಿಯಿಂದಲೇ ಕೊಟ್ಟಳೇನೋ, ಯಾರಿಗೆ ಬೇಕು ಆ ಪ್ರೀತಿ, ಎಂಟು ದಿನ ಎಂಟು ತಿಂಗಳಾಯಿತು, ದಿನಾ ರಾತ್ರಿ ಬೆರಳ ತುದಿಯಲ್ಲಿ ತುಪ್ಪ, ಕಡಲೆಬೇಳೆಯಷ್ಟಿದ್ದ ಬಿಳಿ ಹುಣಸೆ ಬೀಜದಷ್ಟಾಯಿತು, ನಡುವೆ ಕೆಂಪಾಯಿತು, ಗಟ್ಟಿಯಾಯಿತು, ರೊಟ್ಟಿ ಮುರಿದು ಬಾಯಿಗಿಟ್ಟರೆ ಕಣ್ಣೀರು. ಕೊನೆಗೆ ಮಗಳು ಜಾಸ್ಮಿನ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು, ಡಾಕ್ಟರು ಬ್ಯಾಟರಿ ಹಿಡಿದು ಒಳಗೆ ನೋಡಿದವರು ಕೈ ತೊಳೆದುಕೊಂಡು ಬಂದು ಕೂತರು, ಕಡಲೆಬೇಳೆಯಷ್ಟಿದ್ದಾಗ ಬಂದಿದ್ದರೆ ಉಗುರಿನಷ್ಟು ತೆಗೆದು ಮನೆಗೆ ಕಳಿಸುತ್ತಿದ್ದೆ ತಾಯಿ, ಇಷ್ಟು ದಿನ ಏನು ಮಾಡಿದಿರಿ, ಎಂದರು. ಏನು ಮಾಡಿದಳು, ತುಪ್ಪ ಹಚ್ಚಿದಳು.

ಎಡಗಲ್ಲ ಹೋಯಿತು, ಕೆಳದವಡೆಯ ಅರ್ಧ ಹೋಯಿತು, ಎದೆಯ ಮಾಂಸವನ್ನು ಮೇಲೆ ಎಳೆದು ಗಲ್ಲಕ್ಕೆ ಹೊಲಿದರು, ಈಗಲೂ ಬಾಯಿಗೆ ನೀರು ಹಾಕಿಕೊಂಡರೆ ಎದೆ ತಣ್ಣಗಾಗುತ್ತದೆ, ಜಾಸ್ಮಿನಳಿಗೆ ಹೇಳಿದರೆ ಹೌದಾ ಅಮ್ಮಾ ಎಂದು ಅತ್ತಳು, ಅದರಲ್ಲಿ ಅಳುವುದೇನಿದೆ. ಮೂಗಿನಲ್ಲಿ ನಳಿಗೆ, ನಳಿಗೆಯಲ್ಲಿ ಗಂಜಿ, ಮೂರು ತಿಂಗಳು ಬಾಯಿಯೆಂಬುದು ಮುಖದ ಮೇಲೆ ಸುಮ್ಮನೆ ಇತ್ತು, ಆಮೇಲೆ ಕರೆಂಟು ಕೊಟ್ಟರು, ಉಳಿದ ರೋಗವನ್ನು ಸುಡುವ ಕಿರಣ, ಮೂವತ್ತು ಸಲ, ಅದು ಬಾಯಿಯ ನೀರನ್ನೆಲ್ಲ ಹೀರಿಕೊಂಡು ಹೋಯಿತು, ಈಗ ಎಲ್ಲಿಗೆ ಹೋದರೂ ನೀರಿನ ಬಾಟಲಿ, ನಾಲ್ಕು ಮಾತಿಗೊಂದು ಗುಟುಕು, ಕುಡಿದದ್ದರಲ್ಲಿ ಅರ್ಧ ಎಡತುಟಿಯ ಅಂಚಿನಿಂದ ಕೊರಳಿಗೆ. ಬಾಯಿ ಬಿಗಿದುಹೋಗದಿರಲೆಂದು ಹಲ್ಲಿನ ನಡುವೆ ಐಸ್‌ಕ್ಯಾಂಡಿ ಕಡ್ಡಿಗಳ ಕಟ್ಟು ಇಟ್ಟುಕೊಳ್ಳಬೇಕು ದಿನಾ ಐದು ಸಲ, ವಾರಕ್ಕೊಂದು ಕಡ್ಡಿ ಹೆಚ್ಚಿಸಿರಿ ಎಂದಿದ್ದಾರೆ, ಆ ಕಟ್ಟನ್ನು ಅವಳು ಬಳೆಗೆ ಹಿಡಿದು ಅಳೆಯುತ್ತಾಳೆ, ಮೊದಲು ನಾಲ್ಕು ಬಳೆಯ ದಪ್ಪ ಬಾಯಿ ತೆರೆಯುತ್ತಿತ್ತು, ಈಗ ಏಳು, ರೊಟ್ಟಿ ಒಳಗೆ ಹೋಗಲು ಏಳು ಸಾಕು, ಆದರೆ ಅಗಿಯುವುದು ಯಾವುದರಿಂದ, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಮಂದಿ ನಗಲಿಕ್ಕೆ ಹೇಳುತ್ತಾರೆ, ಹೇಳಲಿ. ಹೋದ ತಿಂಗಳು ದವಾಖಾನೆಯಲ್ಲಿ ಒಬ್ಬ ಹುಡುಗಿ ಕಾಗದ ಹಿಡಿದು ಎದುರು ಕೂತು ಕೇಳಿದಳು, ಕಳೆದ ಒಂದು ವಾರದಲ್ಲಿ ಬಾಯಿ ಒಣಗಿತ್ತೇ, ಮಂದಿಯ ಎದುರು ಉಣ್ಣಲು ತೊಂದರೆಯಾಯಿತೇ, ಮಂದಿಯ ಜೊತೆ ಮಾತಾಡಲು ತೊಂದರೆಯಾಯಿತೇ, ಒಂದೊಂದಕ್ಕೂ ನಾಲ್ಕು ಉತ್ತರ, ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ತುಂಬಾ, ತುಂಬಾ, ತುಂಬಾ. ಸಿಟ್ಟು ಬರುತ್ತಿತ್ತೇ, ಎಂದೂ ಇತ್ತು ಅದರಲ್ಲಿ. ಯಾರ ಮೇಲೆ ಎಂದು ಬರೆದುಕೊಳ್ಳಲು ಜಾಗವಿರಲಿಲ್ಲ.

ತುಪ್ಪವನ್ನು ಬೇಕಾದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು ರಹಿಮತಬಿ, ತಿಳಿಯದೆ ಹೇಳಿದಳು ಎಂದುಕೊಳ್ಳಬಹುದಿತ್ತು, ಆದರೆ ಕುಬಸದ ದಿನ — ಇದೇ ಓಣಿಯ ಮೂರನೇ ಮನೆ, ಬಸುರಿಗೆ ಏಳು ತಿಂಗಳು, ಹಸಿರು ಬಳೆ ಇಡಿಸಲು ಹೇಳಿ ಕಳಿಸಿದ್ದರು, ಕಾಯಿಲೆ ಬಿದ್ದೆದ್ದ ಮೇಲೆ ಅದೇ ಮೊದಲ ಕರೆ, ಹೊಸ ಸೀರೆ ಉಟ್ಟು ಬಂದಿದ್ದಳು, ಎಲ್ಲರ ಜೊತೆ ಊಟಕ್ಕೆ ಕೂಡಿಸಿದರು, ಪಾಪ, ಒಳ್ಳೆಯ ಮಂದಿ, ಎಲೆಯ ತುಂಬ ಹೋಳಿಗೆ, ಬದನೆಕಾಯಿ, ಅವಳು ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಒಂದು ತುತ್ತು ಬಾಯಿಗಿಟ್ಟಳು, ಅದು ಎಡಗಡೆಯಿಂದ ಜಾರಿ ಸೀರೆಯ ಮೇಲೆ ಬಿತ್ತು, ಒರೆಸಿಕೊಂಡು ಇನ್ನೊಂದು ತುತ್ತು, ಅದೂ ಬಿತ್ತು. ಆಗ ನಾಗರತ್ನಾ ಎದ್ದು ನಿಂತು ಸಾಲಿನ ಆ ತುದಿಯಿಂದ ಹೇಳಿದಳು, ಆಕಿನ್ನ ಹಿತ್ತಲಕ ಕರಕೊಂಡ ಹೋಗ್ರೇ, ಬಸರಿ ಹೆಣ್ಣಮಗಳ ಮುಂದ ಇಂಥಾ ಬಾಯಿ ಬ್ಯಾಡ, ಹೊಟ್ಟ್ಯಾಗಿನ ಕೂಸಿಗೆ ತಟ್ಟತೈತಿ. ಬಸುರಿ ಮುಖ ಮುಚ್ಚಿಕೊಂಡಳು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಉಳಿದ ಹೋಳಿಗೆಯನ್ನು ನಾಯಿಗೆ ಹಾಕಿದಳು ರಹಿಮತಬಿ, ಏನೋ ಹೇಳಲು ಬಾಯಿ ತೆರೆದಳು, ಬಳೆ ಇಟ್ಟಾದರೂ ಹೋಗುತ್ತೇನೆ ಎಂದು, ಮಾತು ಬರಲಿಲ್ಲ, ಬಂದದ್ದು ಯಾರಿಗೂ ತಿಳಿಯಲಿಲ್ಲ, ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರಂತೆ, ಇಲ್ಲದವರು ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ಅಂದಿನಿಂದ ಶಿರಹಟ್ಟಿಯಲ್ಲಿ ಒಂದು ಮನೆಯೂ ಕರೆಯಲಿಲ್ಲ, ಶಿರಹಟ್ಟಿ ಬಿಟ್ಟ ಮೇಲೆ ಮುಂಡರಗಿ ಬಿಟ್ಟಿತು, ಹಿರೇವಡ್ಡಟ್ಟಿ ಬಿಟ್ಟಿತು, ಮದುಮಗಳಿಗಾಗಲಿ ಬಸುರಿಗಾಗಲಿ ಆ ಸೊಟ್ಟ ಬಾಯಿಯವಳ ಕೈಯಿಂದ ಬಳೆ ಬೇಡ, ರೋಗ ಬಾಯಿಯನ್ನಷ್ಟೇ ತಿಂದಿತ್ತು, ಕೈಯನ್ನು ತಿಂದವಳು ನಾಗರತ್ನಾ.

ಮಮತಾಳ ಎರಡೂ ಕೈ ತುಂಬಿದವು, ಹುಡುಗಿ ಬಗ್ಗಿ ಕಾಲು ಮುಟ್ಟಿದಳು, ರಹಿಮತಬಿ ತಲೆಯ ಮೇಲೆ ಕೈಯಿಟ್ಟಳು, ನೂರ್ಕಾಲ ಬಾಳವಾ ಎಂದು ಒಳಗೇ ಅಂದಳು, ಅದು ಖರೆ, ಅದರಲ್ಲಿ ಕಪಟವಿಲ್ಲ. ಇನ್ನು ಅವ್ವಗ ಇಡ್ರಿ ಚಾಚಿ, ಎಂದಳು ಹುಡುಗಿ, ಮದುವೆ ಮನೆಯಲ್ಲಿ ಮದುಮಗಳ ಬೆನ್ನಿಗೆ ತಾಯಿಯೇ ಕೈ ಕೊಡಬೇಕು, ನಾಗರತ್ನಾ ಕುರ್ಚಿಯಿಂದ ಇಳಿದು ಎದುರಿಗೆ ನೆಲಕ್ಕೆ ಕೂತಳು, ಇಪ್ಪತ್ತು ವರ್ಷದಲ್ಲಿ ಇಬ್ಬರೂ ಒಂದೇ ಎತ್ತರಕ್ಕೆ ಬರುತ್ತಿದ್ದದ್ದು ಬಳೆ ಇಡುವಾಗ ಮಾತ್ರ. ದಪ್ಪ ಕೈ, ಗಿಣ್ಣು ಗಟ್ಟಿ, ಮೊದಲಿನ ಅಳತೆಗೆ ಒಗ್ಗುವುದಿಲ್ಲ, ರಹಿಮತಬಿಗೆ ಗೊತ್ತು, ಬೇಕೆಂದೇ ಒಂದು ಅಳತೆ ಕಡಿಮೆಯದನ್ನು ಎತ್ತಿಕೊಂಡಳು, ಇವಳ ಕೈಯಲ್ಲೇ ಒಡೆಯಲಿ, ಮಗಳ ಕೈಯಲ್ಲಿ ಬೇಡ, ಗಂಡ ಹೊರಗೆ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದಾನೆ, ಮುತ್ತೈದೆಯ ಕೈಯಲ್ಲಿ, ಮದುವೆಗೆ ಎಂಟು ದಿನವಿರುವಾಗ, ಎಲ್ಲರ ಎದುರು, ಚೂರು ಅಂಗೈಗೆ ನೆಡಲಿ, ರಕ್ತ ಬರಲಿ, ಬಳೆ ಗಿಣ್ಣಿಗೆ ಬಂತು, ಒತ್ತಿದಳು. ತುಟಿ ಬಿಗಿಯಿತು. ಒತ್ತಿದಳು. ಹಲ್ಲು ಕಂಡವು, ಕೆಂಪಗೆ ಎಲೆ ತಿಂದ ಹಲ್ಲು, ಸಾವಕಾಶನವಾ ರಹಿಮತಬಿ, ಎಂದಳು ನಾಗರತ್ನಾ, ಇನ್ನೂ ಒತ್ತಿದಳು, ಗಾಜು ಬೆರಳಿನ ಕೆಳಗೆ ಸಣ್ಣಗೆ ನಡುಗುತ್ತಿದೆ, ಇನ್ನೊಂದು ಎಳೆ, ಒಂದೇ ಎಳೆ, ಅಯ್ಯಯ್ಯವ್ವಾ ಎಂದು ನಾಗರತ್ನಾ ಬಾಯಿ ಅಗಲವಾಗಿ ತೆರೆದಳು, ಕಿಟಕಿಯ ಬಿಸಿಲು ನೇರ ಒಳಗೆ ಬಿತ್ತು, ಎಡಗಲ್ಲದ ಒಳಗೆ, ಎಲೆಯ ಕೆಂಪಿನ ನಡುವೆ, ಬಿಳಿ. ಕಡಲೆಬೇಳೆಯಷ್ಟು.

ಕೈ ತಾನಾಗಿ ಸಡಿಲಾಯಿತು, ಬಳೆ ಉಳಿಯಿತು. ಎಲೆಯ ಚೂರು ಅಂಟಿದೆಯೇನೋ, ಸುಣ್ಣವೇನೋ, ಅಲ್ಲ, ಎಲೆ ಅಂಟಿದರೆ ಹಾಗಿರುವುದಿಲ್ಲ, ಸುಣ್ಣವಾದರೆ ಅಂಚು ಕರಗಿರುತ್ತದೆ, ಇದಕ್ಕೆ ಅಂಚಿದೆ, ಎಂಟು ತಿಂಗಳು ಕೈಗನ್ನಡಿ ಹಿಡಿದು ತನ್ನ ಬಾಯಿಯಲ್ಲಿ ನೋಡಿಕೊಂಡದ್ದು ಇದನ್ನೇ, ಕಣ್ಣು ಮುಚ್ಚಿದರೂ ಬರೆದು ತೋರಿಸಬಲ್ಲಳು. ಇನ್ನೊಮ್ಮೆ ನೋಡಬೇಕು, ದೊಡ್ಡ ಅಳತೆಯ ಬಳೆ ತೆಗೆದು ಸುಮ್ಮನೆ ಗಿಣ್ಣಿನ ಮೇಲೆ ಒತ್ತಿದಳು, ಬಾಯಿ ತೆರೆಯಿತು, ಇದೆ. ಇನ್ನೊಂದು, ಇದೆ. ಡಾಕ್ಟರ ಮಾತು, ಉಗುರಿನಷ್ಟು ತೆಗೆದು ಮನೆಗೆ ಕಳಿಸುತ್ತಿದ್ದೆ, ಈಗ ಹೇಳಿದರೆ ಉಗುರಿನಷ್ಟು, ಹೇಳದಿದ್ದರೆ ಗಲ್ಲ, ದವಡೆ, ಮೂಗಿನ ನಳಿಗೆ, ಹಿತ್ತಲ ಕಲ್ಲು. ಎದೆಯೊಳಗೆ ಏನೋ ಕುಣಿಯಿತು, ಕುಣಿದದ್ದು ಖರೆ, ಯಾ ಅಲ್ಲಾ ಅದನ್ನು ನೀನು ನೋಡಿದೆ, ಸುಳ್ಳು ಹೇಳುವುದಿಲ್ಲ, ಒಂದು ಬಳೆ ಒಡೆಯಲು ಬಂದವಳ ಕೈಗೆ ಇದನ್ನು ಕೊಟ್ಟದ್ದು ಯಾರು, ಚಟ್ ಎನ್ನುವ ಸದ್ದೂ ಬೇಡ, ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು, ಸುಮ್ಮನಿರುವುದನ್ನು ಇವಳೇ ಕಲಿಸಿದ್ದಾಳೆ.

ಏನ ನೋಡಾಕತ್ತಿ ಬಾಯಾಗ, ಎಂದಳು ನಾಗರತ್ನಾ, ನಕ್ಕಳು, ಸೆರಗಿಗಲ್ಲ, ಈಗ ಮುಖವನ್ನೇ ನೋಡಿ, ಆಮೇಲೆ ದನಿ ತಗ್ಗಿಸಿ ಹತ್ತಿರ ಬಗ್ಗಿದಳು, ಬಾಯಿಂದ ಎಲೆಯ, ತಂಬಾಕಿನ ವಾಸನೆ, ಇಪ್ಪತ್ತು ವರ್ಷದ ಗುರುತಿನ ವಾಸನೆ, ಅಲ್ಲ ರಹಿಮತಬಿ, ಎರಡ ತಿಂಗಳಾತು, ಇಲ್ಲಿ ಒಳಗ ಖಾರ ತಿಂದ್ರ ಚುರ್ ಅಂತೈತಿ, ಸುಣ್ಣ ಸುಟ್ಟೈತಿ ಅನಸ್ತೈತಿ ನನಗ, ನೀ ಅನುಭವಸ್ಥಳು, ಒಂದೀಟ ನೋಡು. ಎಂದು ಬೆರಳಿನಿಂದ ಗಲ್ಲವನ್ನು ಹೊರಗೆಳೆದು ತೋರಿಸಿದಳು. ಅವ್ವಾ, ದವಾಖಾನಿಗೆ ಹೋಗೂಣು ಅಂದ್ರ ಕೇಳವಲ್ಲಿ, ಎಂದಳು ಮಮತಾ ಹಿಂದಿನಿಂದ, ಮದವಿ ಮನ್ಯಾಗ ಯಾವ ದವಾಖಾನಿ ಬಿಡ ನಿನ್ನ, ಚಾಚಿ ಹೇಳ್ತಾಳ, ಆಕಿ ಹೇಳಿದಂಗ ಮಾಡ್ತೀನಿ, ಎಂದಳು ತಾಯಿ. ಪಡಸಾಲೆಯ ಹೆಂಗಸರೆಲ್ಲ ರಹಿಮತಬಿಯ ಬಾಯಿಯನ್ನೇ ನೋಡುತ್ತಿದ್ದಾರೆ, ಎರಡು ವರ್ಷ ಯಾರೂ ನೋಡದ ಬಾಯಿ, ಯಾವ ಬಾಯಿ ಬಸುರಿಗೆ ತಟ್ಟುತ್ತದೆ ಎಂದಿದ್ದರೋ ಅದೇ ಬಾಯಿಯಿಂದ ಒಂದು ಮಾತಿಗೆ ಕಾಯುತ್ತಿದ್ದಾರೆ, ಬಾಟಲಿ ಎತ್ತಿ ಒಂದು ಗುಟುಕು ನೀರು, ಎದೆ ತಣ್ಣಗಾಯಿತು, ಕೊರಳಿಗೆ ಹರಿದದ್ದನ್ನು ಒರೆಸಿಕೊಂಡಳು, ಹುಬ್ಬಳ್ಳಿಗೆ ಹೋಗ್ರಿ, ನಾಳೇನ ಹೋಗ್ರಿ, ಎಂಬುದು ನಾಲಿಗೆಯ ಮೇಲೆ ಬಂದು ನಿಂತಿದೆ, ಅರ್ಧ ನಾಲಿಗೆ ಸೆಟೆದುಕೊಂಡಿದೆ, ಹೋಳಿಗೆಯ ತುತ್ತು ಸೀರೆಯ ಮೇಲೆ ಬಿದ್ದಿದೆ, ಸಾಲಿನ ಆ ತುದಿಯಿಂದ ದನಿ ಕೇಳುತ್ತಿದೆ.

ತುಪ್ಪ ಹಚ್ಚ್ರಿ, ಎಂದಳು ರಹಿಮತಬಿ.

ಅಯ್ಯ ನೋಡ್ರೇ, ಎಷ್ಟ ಸ್ವಚ್ಛ ಮಾತಾಡಿದ್ಲು, ಎಂದು ನಾಗರತ್ನಾ ಅವಳ ತೊಡೆಯ ಮೇಲೆ ಬಡಿದಳು, ಒಂದ ಮಾತಿಗೇ ತಿಳೀತು, ನಿನ್ನ ಬಾಯಿ ಸುದಾರಸೇತಿ ಬಿಡ ರಹಿಮತಬಿ, ಇನ್ಮ್ಯಾಲೆ ನಮ್ಮ ಮಂದಿಗೆ ಬಳಿ ಇಡೂದೆಲ್ಲಾ ನಿಂದಽ, ನಾ ಹೇಳ್ತೀನಿ ಎಲ್ಲಾರ್ಗೂ. ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ಕೈ ಕೊಟ್ಟರು, ಎಲ್ಲರಿಗೂ ಬಳೆ ಏರಿದವು, ಒಂದೂ ಒಡೆಯಲಿಲ್ಲ. ಏಳುವಾಗ ಸಕ್ಕರೆ, ಎಲೆ ಅಡಿಕೆ, ರವಿಕೆಯ ಕಣ ಕೊಟ್ಟರು, ನಾಗರತ್ನಾ ಒಳಗೆ ಹೋಗಿ ಒಂದು ಸಣ್ಣ ಡಬ್ಬಿ ತಂದು ಮೇಲಿಟ್ಟಳು, ಮನೀ ತುಪ್ಪ, ಗಂಜ್ಯಾಗ ಹಾಕ್ಕೊಂಡ ಕುಡಿ, ಸೊರಗೀದಿ. ಮಮತಾ ಬಾಗಿಲ ತನಕ ಬಂದಳು, ಹೊಸ ಬಳೆ ಸದ್ದು ಮಾಡುತ್ತಿದ್ದವು, ಖರೇನ ಏನೂ ಇಲ್ಲೇನ್ರಿ ಚಾಚಿ, ಎಂದು ಮೆಲ್ಲಗೆ ಕೇಳಿದಳು, ರಹಿಮತಬಿ ಸೆರಗು ಸರಿಮಾಡಿಕೊಂಡಳು, ಅವಳಿಗೆ ಕೇಳಿಸಲಿಲ್ಲ, ಕೇಳಿಸಿತು.

ಬಸ್ ನಿಲ್ದಾಣದ ಕಲ್ಲುಬೆಂಚು ಕಾದಿದೆ, ಮಡಿಲಲ್ಲಿ ಡಬ್ಬಿ, ಬಿಸಿಲಿಗೆ ಒಳಗೆ ತುಪ್ಪ ಕರಗಿರಬೇಕು, ಅಲುಗಿದರೆ ಗೊತ್ತಾಗುತ್ತದೆ, ಗೆದ್ದೆ, ಗೆದ್ದೆನಲ್ಲ, ನಿನ್ನ ಮಾತನ್ನೇ ನಿನಗೆ ಕೊಟ್ಟೆ, ಒಂದು ಅಕ್ಷರ ಹೆಚ್ಚಿಲ್ಲ, ಮಾಡಿದ್ದುಣ್ಣೋ ಮಹರಾಯ ಎಂದು ಇವರೇ ಹೇಳುತ್ತಾರಲ್ಲ, ಉಣ್ಣಲಿ, ಮೂಗಿನಲ್ಲಿ ಉಣ್ಣಲಿ, ಆಗ ನಳಿಗೆಗೆ ಗಂಜಿ ಹೊಯ್ಯುವವರು ಯಾರು, ಜಾಸ್ಮಿನಳ ಹಾಗೆ, ಮಮತಾ ಮುಂಡರಗಿಯಿಂದ ಬರಬೇಕು, ಹಸಿರು ಬಳೆಯ ಕೈ, ಈಗಷ್ಟೇ ಇಟ್ಟ ಬಳೆ, ಬರಲಿ, ಬರದಿರಲಿ, ತನಗೇನು. ಗದಗಿನ ಬಸ್ಸು ಬಂದು ನಿಂತಿತು, ಗದಗ್ ಗದಗ್ ಎಂದು ಕಂಡಕ್ಟರ್ ಕೂಗಿದ, ಏಳಬೇಕು, ಏಳಲಿಲ್ಲ, ಬಸ್ಸು ಹೋಯಿತು. ಓಣಿ ಇಲ್ಲಿಂದ ಹತ್ತು ನಿಮಿಷದ ಹಾದಿ, ಅಲ್ಲಿಗೂ ಏಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಮುಂದಿನ ತಿಂಗಳು ಆ ಹುಡುಗಿ ಕಾಗದ ಹಿಡಿದು ಕೇಳುತ್ತಾಳೆ, ಕಳೆದ ಒಂದು ವಾರದಲ್ಲಿ ಮಂದಿಯ ಜೊತೆ ಮಾತಾಡಲು ತೊಂದರೆಯಾಯಿತೇ, ಇಲ್ಲ, ಇಲ್ಲವೇ ಇಲ್ಲ, ಒಂದೇ ಮಾತಿಗೆ ತಿಳಿಯಿತು, ಎಷ್ಟು ಸ್ವಚ್ಛ, ಎಲ್ಲರೂ ಕೇಳಿದರು, ಬರೆದುಕೋ. ಇನ್ನೊಂದು ಬಸ್ಸು. ಕಣ್ಣು ಮುಚ್ಚಿದರೆ ಬಾಯಿ ತೆರೆಯುತ್ತದೆ, ತೆರೆದರೂ ತೆರೆಯುತ್ತದೆ, ಕಿಟಕಿಯ ಬಿಸಿಲು ಒಳಗೆ ಬೀಳುತ್ತದೆ, ಬಾಯಿ ಅಗಲವಾಗಿ ತೆರೆದು ಗಲ್ಲದ ಒಳಗು ಕಂಡಿತೋ ಕೈ ಬಿಡು ಬೇಟಿ, ಎಂದಿದ್ದಳು ತಾಯಿ, ಬಿಟ್ಟಿಲ್ಲ, ಬೆರಳು ಇನ್ನೂ ಒತ್ತುತ್ತಿದೆ, ಡಬ್ಬಿಯ ಮುಚ್ಚಳವನ್ನು ಒತ್ತುತ್ತಿದೆ, ಕೆಂಪಿನ ನಡುವೆ, ಅಂಚಿರುವ ಬಿಳಿ, ಕಡಲೆಬೇಳೆಯಷ್ಟು, ಇನ್ನೂ ಕಡಲೆಬೇಳೆಯಷ್ಟೇ —